ಕೆಂಪು ಬಟ್ಟೆ ಕಟ್ಟಿದ ಬೆಕ್ಕು

ನಮ್ಮ ಎಸ್ಟೇಟಿನಲ್ಲಿ ಬುದ್ಧಿವಂತರಿಗೆ ಬರವಿಲ್ಲ. ಕಾಫಿ ಗಿಡಕ್ಕೆ ಯಾವ ಗೊಬ್ಬರ ಎಂದರೆ ತಲೆ ಕೆರೆದುಕೊಳ್ಳುವವರು, ಮೂಡಿಗೆರೆಯಿಂದ ದೆಹಲಿಯವರೆಗಿನ ಉಳಿದೆಲ್ಲ ವಿಷಯಕ್ಕೂ ಉತ್ತರ ಇಟ್ಟುಕೊಂಡಿರುತ್ತಾರೆ. ಇವರ ನಡುವೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವಳು ದೇವೀರಮ್ಮ ಒಬ್ಬಳೇ. ನಾನು ಇಲ್ಲಿನ ರೈಟರ್. ಹಾಜರಿ ಬರೆಯುವುದು, ಉಳಿದವರನ್ನು ಬೈಯುವುದು ನನ್ನ ಕೆಲಸ. ಎರಡನೆಯದನ್ನು ಸ್ವಲ್ಪ ಹೆಚ್ಚು ಶ್ರದ್ಧೆಯಿಂದ ಮಾಡುತ್ತೇನೆ.

ದೇವೀರಮ್ಮನದು ಬೋರರ್ ನೋಡುವ ಕೆಲಸ. ಬೋರರ್ ಎಂದರೆ ಅರೇಬಿಕಾ ಗಿಡದ ಕಾಂಡ ಕೊರೆಯುವ ಹುಳ. ಹೊರಗೆ ಹಸಿರಾಗಿಯೇ ಕಾಣುವ ಗಿಡದ ಕಾಂಡದ ಮೇಲೆ ಅವಳು ಬೆರಳಾಡಿಸುತ್ತಾಳೆ. ತೊಗಟೆಯ ಮೇಲೆ ಉಬ್ಬಿದ ಗೆರೆ ಸಿಕ್ಕರೆ, ಸೊಂಟಕ್ಕೆ ಸಿಕ್ಕಿಸಿಕೊಂಡ ಕೆಂಪು ಬಟ್ಟೆಯ ಚೂರೊಂದನ್ನು ಆ ಗಿಡಕ್ಕೆ ಕಟ್ಟಿ ಮುಂದೆ ಹೋಗುತ್ತಾಳೆ. ಹಿಂದಿನಿಂದ ಬರುವ ಆಳುಗಳು ಕೆಂಪು ಕಂಡ ಗಿಡವನ್ನು ಕಿತ್ತು ಸುಡುತ್ತಾರೆ. ಇಪ್ಪತ್ತಾರು ವರ್ಷದಲ್ಲಿ ಅವಳ ಬೆರಳು ತಪ್ಪಿದ್ದಿಲ್ಲ.

ಅವಳ ಬೆಕ್ಕಿನ ಹೆಸರು ಪಾರ್ಚಿ. ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ; ಅದೇ ಮಾಸಲು ಹಳದಿ ಬಣ್ಣ, ಅದಕ್ಕೇ ಆ ಹೆಸರು. ಕಳೆದ ಮಾರ್ಚ್‌ನಲ್ಲಿ ಅದು ಮೀನಿನ ತಲೆಯನ್ನೂ ಮೂಸಿ ಬಿಟ್ಟು ಹೋಗತೊಡಗಿತು. ದೇವೀರಮ್ಮ ಅದರ ಕುತ್ತಿಗೆಯಡಿ ಬೆರಳಾಡಿಸಿದಳು. ಗಂಟು ಸಿಕ್ಕಿತು. ಮರುದಿನವೇ ರಜೆ ಹಾಕಿ, ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಮೇಲೆ ಟವೆಲ್ ಬಿಗಿದು, ಚಿಕ್ಕಮಗಳೂರಿನ ಬಸ್ ಹತ್ತಿದಳು.

ಅಲ್ಲಿ ಡಾಕ್ಟರ್ ರಶ್ಮಿ ಎಂಬ ಪಶುವೈದ್ಯೆ ರಕ್ತ ಪರೀಕ್ಷಿಸಿ, ಇದು ಬೆಕ್ಕುಗಳಿಗೆ ಬರುವ ಲ್ಯುಕೇಮಿಯಾ, ವೈರಸ್ಸಿನ ಕಾಯಿಲೆ ಎಂದರು. ಮನುಷ್ಯರಿಗೆ ಅಂಟುವುದಿಲ್ಲ, ಬೇರೆ ಬೆಕ್ಕಿಗೆ ಎಂಜಲಿನಿಂದ ಅಂಟುತ್ತದೆ. ವಾಸಿಯಾಗುವುದಿಲ್ಲ. ಮನೆಯೊಳಗೇ ಬೆಚ್ಚಗಿಟ್ಟು, ಬೇಯಿಸಿದ್ದನ್ನೇ ಹಾಕಿದರೆ ಕೆಲವು ತಿಂಗಳೋ ಕೆಲವು ವರ್ಷವೋ ಬದುಕಬಹುದು. ಇಷ್ಟೆಲ್ಲ ಆರೈಕೆ ನಿಮ್ಮಿಂದ ಆಗುತ್ತದೆಯೇ ಎಂದು ಡಾಕ್ಟರು ಕೇಳಿದರು.

“ಗಿಡ ಆಗಿದ್ರೆ ಕಿತ್ತು ಹಾಕ್ಬಹುದಿತ್ತು ಮೇಡಂ. ಇದು ನನ್ ಮುಖ ನೋಡ್ತದಲ್ಲ” ಎಂದಳಂತೆ ದೇವೀರಮ್ಮ.

ಸುದ್ದಿ ಆಳುಗಳ ಮನೆಸಾಲಿಗೆ, ಅಂದರೆ ಕೂಲಿ ಲೈನಿಗೆ, ಮುಟ್ಟಿದ್ದೇ ತಡ, ಪಂಡಿತರೆಲ್ಲ ಎದ್ದು ಕೂತರು. ಮೇಸ್ತ್ರಿ ಸುಬ್ಬಣ್ಣ ವಾಟ್ಸಾಪಿನಲ್ಲಿ ಮೂರು ನಿಮಿಷದ ಆಡಿಯೋ ಬಿಟ್ಟ. ಇದು ಮಂಗನ ಕಾಯಿಲೆಯ ಸ್ವಂತ ತಮ್ಮನಂತೆ. ಮಂಗನಿಂದ ಉಣುಗಿಗೆ, ಉಣುಗಿನಿಂದ ಬೆಕ್ಕಿಗೆ, ಬೆಕ್ಕಿನಿಂದ ನಮಗೆ. ಏಳನೇ ಕ್ಲಾಸಿನಲ್ಲಿ ಎರಡು ವರ್ಷ ಕೂತ ಮನುಷ್ಯನ ವೈದ್ಯಶಾಸ್ತ್ರ ಇದು. ಕೇಳಿದವರಲ್ಲಿ ಒಬ್ಬನಾದರೂ ನಗಬೇಕಿತ್ತು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿದರು.

ದೇವೀರಮ್ಮ ತನ್ನ ಪಾಡಿಗೆ ಆರೈಕೆಗೆ ನಿಂತಳು. ಬೆಳಿಗ್ಗೆ ಬೆಕ್ಕನ್ನು ಒಳಗೆ ಬಿಟ್ಟು ಬಾಗಿಲು ಹಾಕಿ ಬರುತ್ತಿದ್ದಳು, ಮಧ್ಯಾಹ್ನ ತಾನು ಉಣ್ಣದೆ ಓಡಿಹೋಗಿ ಅದಕ್ಕೆ ಅನ್ನ, ಬೇಯಿಸಿದ ಮೀನು ಕಲಸಿ ತಿನ್ನಿಸುತ್ತಿದ್ದಳು. ಆದರೂ ಲೈನಿನಲ್ಲಿ ಒಂಬತ್ತು ಬೆಕ್ಕುಗಳಿದ್ದವು. ಎಲ್ಲಾದರೂ ತಪ್ಪಿಸಿಕೊಂಡು ಹೊರಬಿದ್ದರೆ ಉಳಿದವರು ತಮ್ಮ ಬೆಕ್ಕನ್ನು ಎತ್ತಿಕೊಳ್ಳಲಿ ಎಂದು ಅವಳು ಪಾರ್ಚಿಯ ಕುತ್ತಿಗೆಗೊಂದು ಗುರುತು ಕಟ್ಟಿದಳು. ಕೈಗೆ ಸಿಕ್ಕಿದ್ದು ಸೊಂಟದಲ್ಲಿದ್ದ ಕೆಂಪು ಬಟ್ಟೆ.

ಒಂದು ಮಧ್ಯಾಹ್ನ ಸುಬ್ಬಣ್ಣ ಆಫೀಸಿನ ಬಾಗಿಲಿಗೆ ಬಂದ.

“ರೈಟ್ರೇ, ದೇವೀರಮ್ಮ ಲೈನ್ ಹತ್ರಾನೂ ಒಂದಕ್ಕೆ ಕೆಂಪು ಕಟ್ಟಿದಾಳೆ. ಎಂತ ಮಾಡೋದು?”

ನಾನು ಹಾಜರಿ ಪುಸ್ತಕದಿಂದ ತಲೆಯೆತ್ತಲಿಲ್ಲ. “ಕೆಂಪು ಕಟ್ಟಿದ್ರೆ ಎಂತ ಮಾಡ್ಬೇಕು ಅಂತ ನಿಂಗೆ ಅಕ್ಷರಾಭ್ಯಾಸ ಮಾಡಿಸ್ಬೇಕಾ ಮಾರಾಯ? ತೆಗ್ಸು, ಹೋಗು.”

ಅವನು ತೆಗೆಸಿದ, ಅಂದು ಕಿಟಕಿಯಿಂದ ತಪ್ಪಿಸಿಕೊಂಡು ಹೊರಬಿದ್ದಿದ್ದ ಪಾರ್ಚಿಯನ್ನು. ಬೆಕ್ಕು ಕೊಂದ ಪಾಪಕ್ಕೆ ಹೆದರಿ ಕೊಲ್ಲಲಿಲ್ಲ, ಅಷ್ಟೇ. ದಾರಿ ಹಿಡಿದು ವಾಪಸ್ ಬರಬಾರದೆಂದು ಗೋಣಿಚೀಲದಲ್ಲಿ ಕಟ್ಟಿ, ಹೊಳೆ ದಾಟಿಸಿ, ಬಣಕಲ್ ಹತ್ತಿರ ಬಿಟ್ಟುಬಂದ.

ಸಂಜೆ ದೇವೀರಮ್ಮ ಆಫೀಸಿನ ಮುಂದೆ ಬಂದು ನಿಂತಳು. “ನೀವು ಹೇಳಿದ್ರಂತೆ.”

“ಗಿಡ ಅಂದ್ಕೊಂಡೆ ದೇವೀರಮ್ಮ.”

“ಅವ್ನು ಗಿಡ ಅಂದಿದ್ನಾ?”

“ಇಲ್ಲ.”

“ನೀವು ಕೇಳಿದ್ರಾ?”

ನಾನು ಕೇಳಿರಲಿಲ್ಲ. ಊರವರ ದಡ್ಡತನವನ್ನೆಲ್ಲ ಎಣಿಸಿಕೊಂಡು ಬಂದವನ ಎದುರು ಈಗ ತನ್ನದೇ ಬಂದು ನಿಂತಿತ್ತು. ನನಗೆ ನಾಚಿಕೆಯಾಯಿತು.

ಎರಡು ದಿನ ಅವಳೊಬ್ಬಳೇ ಹುಡುಕಿದಳು. ಮೂರನೆಯ ದಿನ ನಾನೇ ಸ್ಕೂಟರ್ ತೆಗೆದೆ. ಹಿಂದೆ ಕೂತು ಅವಳು “ಪಾರ್ಚೀ, ಪಾರ್ಚೀ” ಎಂದು ಕೂಗುತ್ತಿದ್ದರೆ ರಸ್ತೆಯ ಜನ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಬಣಕಲ್ಲಿನ ಮೀನಿನಂಗಡಿಯ ಹಲಗೆಯಡಿ, ಒಂದು ರಟ್ಟಿನ ಡಬ್ಬಿಯೊಳಗೆ ಪಾರ್ಚಿ ಮಲಗಿತ್ತು. ಅಂಗಡಿಯವನನ್ನು ದೇವೀರಮ್ಮ ಮೊದಲು ಕೇಳಿದ್ದು, ಬೇರೆ ಬೆಕ್ಕಿನ ಜೊತೆ ತಿಂದಿತೇ ಎಂದು.

“ಇಲ್ಲಮ್ಮ, ಇಲ್ಲಿ ನಾಯಿ ಕಾಟ, ಬೇರೆ ಬೆಕ್ಕು ಬರಲ್ಲ” ಎಂದ ಅವನು. “ಕುತ್ತಿಗೆಗೆ ಬಟ್ಟೆ ಕಟ್ಟಿದಾರಲ್ಲ, ಯಾರೋ ಪ್ರೀತಿಯಿಂದ ಸಾಕಿದ್ದು. ಹುಡುಕ್ಕೊಂಡು ಬಂದೇ ಬರ್ತಾರೆ ಅಂತ ಇಟ್ಕೊಂಡಿದ್ದೆ.”

ಆ ಬಟ್ಟೆಯಲ್ಲಿದ್ದದ್ದನ್ನು ಸರಿಯಾಗಿ ಓದಿದವನು ಅವನೊಬ್ಬ. ರೈಟರ್ ಎಂದು ಸಂಬಳ ಎಣಿಸುವವನು ನಾನು.

ದೇವೀರಮ್ಮ ಬೆಕ್ಕನ್ನು ಸೆರಗಿನೊಳಗೆ ಹಾಕಿಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತಳು. ಬೋರರ್ ಹಿಡಿದು ತೋಟದ ಬ್ಲಾಕಿಗೆ ಬ್ಲಾಕೇ ಬೋಳಾದ ವರ್ಷವೂ ಅವಳು ಅತ್ತಿದ್ದನ್ನು ನಾನು ನೋಡಿಲ್ಲ.

ಪಾರ್ಚಿ ಈಗ ಮನೆಯೊಳಗೇ ಇದೆ. ಬಡಕಲಾಗಿದೆ, ಗಂಟು ಹಾಗೇ ಇದೆ, ಎಷ್ಟು ದಿನವೋ ಗೊತ್ತಿಲ್ಲ. ಕುತ್ತಿಗೆಯಲ್ಲಿ ಹಳೆ ನೀಲಿ ಸೀರೆಯ ಅಂಚು. ಹೊಳೆಯಾಚೆಯ ಗಾಳಿ ಕುಡಿದದ್ದಕ್ಕೇ ಬೆಕ್ಕು ಉಳಿಯಿತೆಂದು ಸುಬ್ಬಣ್ಣ ಹೊಸ ಆಡಿಯೋ ಬಿಟ್ಟಿದ್ದಾನೆ. ಅದಕ್ಕೂ ಕೈಮುಗಿದಿದ್ದಾರೆ.

ಬೆಕ್ಕು ಸಿಕ್ಕ ಮರುದಿನ ಬೆಳಿಗ್ಗೆ ನಾನು ಆಫೀಸಿನ ಬಾಗಿಲು ತೆಗೆದಾಗ, ಜಗಲಿಯಲ್ಲಿದ್ದ ನನ್ನ ಕುರ್ಚಿಯ ಕಾಲಿಗೆ ಆ ಕೆಂಪು ಬಟ್ಟೆ ಕಟ್ಟಿತ್ತು. ನಾನು ಬಿಚ್ಚಲಿಲ್ಲ. ಅವಳ ಬೆರಳು ತಪ್ಪಿದ್ದಿಲ್ಲವೆಂದು ಮೊದಲೇ ಬರೆದಿದ್ದೇನೆ.