ದಾರಿ ಬಿಡದ ಸಿದ್ಲಿಂಗಪ್ಪ

ಸಿದ್ಲಿಂಗಪ್ಪನ ಬಸ್ಸನ್ನು ಹಿಂದೆ ಹಾಕಿ ಹೋದ ಗಾಡಿಯನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಹಾಗೆಂದು ಅವನೇನೂ ವೇಗದ ಆಸಾಮಿಯಲ್ಲ. ಕಡೂರಿನಿಂದ ಹೊರಟು ಅಜ್ಜಂಪುರ ಹಾಯ್ದು ತರೀಕೆರೆ ಸೇರುವ ಮಣ್ಣುರಸ್ತೆಯ ನಟ್ಟನಡುವೆ ಬಸ್ಸು ಬಿಟ್ಟುಕೊಂಡು, ಎಲೆಅಡಿಕೆ ಮೆಲ್ಲುತ್ತ, ಸೋಬಾನೆ ಪದ ಗುನುಗುತ್ತ ಹೋಗುವವನು. ಹಿಂದೆ ಬಂದವರು ಎಷ್ಟು ಬಡಿದುಕೊಂಡರೂ ಒಂದು ಗೇಣು ಬದಿಗೆ ಸರಿಯುತ್ತಿರಲಿಲ್ಲ.

ಒಮ್ಮೆ ಅಮಲ್ದಾರರ ಜೀಪಿಗೂ ಅದೇ ಮರ್ಯಾದೆ ಆಯಿತು. ಅಜ್ಜಂಪುರದಲ್ಲಿ ಬಸ್ಸು ನಿಂತಾಗ ಅಮಲ್ದಾರರು ಇಳಿದು ಬಂದರು. ಮೀಸೆ, ಹುಬ್ಬು, ಕೋಟು ಎಲ್ಲ ಕೆಂಪುಮಣ್ಣು. ಸಿದ್ಲಿಂಗಪ್ಪ ಕೈಕಟ್ಟಿ ನಿಂತು ಹೇಳಿದ: "ಸ್ವಾಮಿ, ತಾವು ಮುಂದೆ ಹೋದ್ರೆ ತಮ್ಮ ಧೂಳು ನನ್ ಬಸ್ಸಿನ ಅಷ್ಟೂ ಜನಕ್ಕೆ. ನಾನು ಮುಂದೆ ಹೋದ್ರೆ ನನ್ ಧೂಳು ತಮ್ಗೂ ಡ್ರೈವರ್‍ಗೂ, ಇಬ್ರಿಗೇ. ನ್ಯಾಯ ತಾವೇ ಹೇಳ್ಬಿಡಿ." ನ್ಯಾಯ ಹೇಳುವುದೇ ಕಸುಬಾಗಿದ್ದ ಅಮಲ್ದಾರರು ಮೀಸೆಯ ಮಣ್ಣು ಕೊಡವಿಕೊಂಡು ಹೋಗಿ ಜೀಪು ಹತ್ತಿದರು. ನಾನು ಆಗ ಅಜ್ಜಂಪುರದಲ್ಲಿ ಹೊಸ ಮೇಷ್ಟ್ರು. ಶನಿವಾರ ಶನಿವಾರ ಅದೇ ಬಸ್ಸಿನಲ್ಲಿ ತರೀಕೆರೆಯ ಮನೆಗೆ ಹೋಗುತ್ತಿದ್ದೆ. ಅವತ್ತು ನಗು ತಡೆಯಲಾರದೆ ಸೀಟಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕುವ ನಾಟಕ ಮಾಡಬೇಕಾಯಿತು.

ಇಂಥವನು ಒಂದೇ ಒಂದು ಗಾಡಿಗೆ ದಾರಿ ಬಿಟ್ಟ. ಅದನ್ನು ನಾನು ಕಣ್ಣಾರೆ ಕಂಡೆ.

ಅದೂ ಒಂದು ಶನಿವಾರವೇ. ಅಜ್ಜಂಪುರ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ಕಂಡಕ್ಟರ್ ಹಿಂದಿನಿಂದ, "ಆಸ್ಪತ್ರೆ ವ್ಯಾನು ಕಣಣ್ಣೋ!" ಎಂದು ಕೂಗಿದ. ಸಿದ್ಲಿಂಗಪ್ಪ ಗುನುಗುವುದನ್ನು ನಿಲ್ಲಿಸಿದ. ಬಸ್ಸಿನ ಒಂದು ಪಕ್ಕದ ಚಕ್ರಗಳನ್ನು ಚರಂಡಿಗೇ ಇಳಿಸಿ ನಿಂತುಬಿಟ್ಟ. ಬೆರಗಾಗಿ ಎಲ್ಲರೂ ಕಿಟಕಿಗೆ ಮುಗಿಬಿದ್ದೆವು. ಬಿಳಿ ವ್ಯಾನಿನ ಮುಂದಿನ ಸೀಟಿನಲ್ಲಿ ಕಂಡದ್ದು ಬುಕ್ಕಾಂಬುಧಿಯ ನನ್ನ ಭಾವನ ಮುಖ.

"ಮೇಷ್ಟ್ರೇ, ಕೂಸು ಅಡ್ಡ ತಿರುಗೈತಂತೆ. ತರೀಕೆರೆಗೆ ಕರ್ಕೊಂಡ್ ಹೋಗ್ತಿದೀವಿ," ಎಂದು ಭಾವ ಕೂಗಿದ. ವ್ಯಾನು ಮುಂದೆ ಹೋಯಿತು. ಅಕ್ಕನಿಗೆ ಮೊದಲಿನ ಎರಡು ಕೂಸುಗಳೂ ಉಳಿದಿರಲಿಲ್ಲ. ಈ ಸಲ ಅವಳೇ ಉಳಿಯುತ್ತಾಳೋ ಇಲ್ಲವೋ ಎಂದು ಹೆದರಿ, "ಒಳಗಿರೋದು ನಮ್ಮಕ್ಕ ಸಿದ್ಲಿಂಗಪ್ಪಾ!" ಎಂದು ಕೂಗಿದೆ.

ಬಸ್ಸು ಮತ್ತೆ ರಸ್ತೆಗೆ ಹತ್ತಿ ತಿರುವು ದಾಟಿದರೆ ವ್ಯಾನು ನಿಂತಿದೆ. ಮುಂದೆ ಸಂತೆಯಿಂದ ಮರಳುತ್ತಿದ್ದ ಎತ್ತಿನಗಾಡಿಗಳ ಸಾಲು, ರಸ್ತೆಯ ತುಂಬ. ಆ ಕಾಲದಲ್ಲಿ ನಮ್ಮ ಕಡೆಯವರಿಗೆ ಬಿಳಿ ವ್ಯಾನು ಎಂದರೆ ಹೆಣ ತರುವ ಗಾಡಿ. ಅದನ್ನು ಕಂಡರೆ ಎಲ್ಲಿದ್ದರೂ ಗಾಡಿ ನಿಲ್ಲಿಸಿ, ಇಳಿದು, ರುಮಾಲು ತೆಗೆದು ಕೈಮುಗಿಯುವುದು ದೊಡ್ಡ ಸಂಸ್ಕಾರ. ಅವತ್ತೂ ಅಷ್ಟೂ ಜನ ರಸ್ತೆಯ ಮಧ್ಯೆ ಭಯಭಕ್ತಿಯಿಂದ ಕೈಮುಗಿದು ನಿಂತಿದ್ದರು. ಒಬ್ಬ ಹಿರಿಯ ಮೆತ್ತಗೆ, "ಯಾರ ಮನೇದಪ್ಪಾ? ವಯಸ್ಸಾಗಿತ್ತಾ?" ಎಂದು ವಿಚಾರಿಸುತ್ತಿದ್ದ. ಭಾವ ಗಾಡಿ ತೆಗೆಯಿರಿ ಎಂದು ಅಂಗಲಾಚಿದಷ್ಟೂ ಅವರು ಅದನ್ನು ಸಂಕಟದ ಅಳು ಎಂದುಕೊಂಡು ಸಮಾಧಾನ ಹೇಳುತ್ತಿದ್ದರು.

ನೋವು ತಿನ್ನುತ್ತಿದ್ದವಳನ್ನು ಇಟ್ಟುಕೊಂಡು ವ್ಯಾನನ್ನು ಹೊಲಕ್ಕೆ ಇಳಿಸುವಂತಿರಲಿಲ್ಲ. ಸಿದ್ಲಿಂಗಪ್ಪ ಬಸ್ಸನ್ನೇ ಪಕ್ಕದ ಹುರುಳಿ ಹೊಲಕ್ಕೆ ಇಳಿಸಿದ. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಕುಲುಕಾಡುತ್ತ ಹೋಗಿ ಗಾಡಿ ಸಾಲಿನ ಮುಂದೆ ರಸ್ತೆಗೆ ಹತ್ತಿಸಿ, ಕೆಳಗೆ ಹಾರಿ ಕೂಗಿದ: "ಲೇ, ಬದುಕಿರೋಳಿಗೆ ಯಾಕ್ರೋ ಕೈ ಮುಗೀತೀರಾ? ಬದಿಗೆ ಹೊಡೀರೋ ಗಾಡೀನಾ!" ಕೊನೆಯ ಗಾಡಿಯ ನೊಗವನ್ನು ತಾನೇ ಹಿಡಿದು ಎಳೆದ. ಆಮೇಲೆ ವ್ಯಾನಿನವನಿಗೆ, "ನೀನು ನನ್ ಹಿಂದೆ ಬಾ. ಧೂಳು ಅಡಗೋವಷ್ಟು ದೂರದಲ್ಲಿ ಬಾ. ಆ ತಾಯಿ ಮೂಗಿಗೆ ಧೂಳು ಹೋಗ್ಬಾರ್ದು. ಮುಂದಿನ ಗಾಡಿಯೋರ್ನೆಲ್ಲ ನಂಗ್ ಬಿಡು," ಎಂದ.

ಅಲ್ಲಿಂದ ಆ ಬಸ್ಸು ಓಡಿದ್ದನ್ನು ಏನು ಹೇಳಲಿ! ರಬ್ಬರ್ ಬುರುಡೆಯ ಹಾರನ್ನನ್ನು ಒಂದೇ ಸಮ ಹಿಚುಕುತ್ತ, ಯಾವ ಊರಿನಲ್ಲೂ ನಿಲ್ಲಿಸದೆ ಹೊಡೆದ. ಮಡಿಲಲ್ಲಿ ಕೋಳಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬಳು, "ಅಯ್ಯಯ್ಯೋ, ನಮ್ಮೂರು ಹೋಯ್ತು ಕಣಪ್ಪೋ, ನಿಲ್ಸೋ!" ಎಂದು ಬಾಯಿ ಬಡಿದುಕೊಂಡಳು.

"ಊರು ಎಲ್ಲಿಗ್ ಹೋಯ್ತದೆ ಅಜ್ಜೀ, ಅಲ್ಲೇ ಇರ್ತದೆ. ವಾಪಸ್ ಬತ್ತಾ ಇಳಿಸ್ತೀನಿ. ಹಿಂದ್ಗಡೆ ಬತ್ತಿರೋದು ಮೇಷ್ಟ್ರ ಅಕ್ಕ. ದಿನ ತುಂಬಿದ ಬಸುರಿ ಕಣವ್ವಾ."

ಅಜ್ಜಿ ನನ್ನ ಮುಖ ನೋಡಿದಳು. ಕೋಳಿಯನ್ನು ನನ್ನ ತೊಡೆಗೆ ದೂಕಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಜರಗ್ರಪ್ಪೋ, ಹಿಂದೆ ಬಸುರಿ ಬತ್ತಾವ್ಳೆ!" ಎಂದು ಶುರುಮಾಡಿದಳು. ಇಡೀ ಬಸ್ಸು ಅವಳಿಗೆ ದನಿಗೂಡಿಸಿತು. ಗಾಡಿ, ಸೈಕಲ್ಲು, ಕುರಿಮಂದೆ ಎಲ್ಲ ದಿಕ್ಕಾಪಾಲಾಗಿ ಬದಿಗೆ ಸರಿದವು.

ತರೀಕೆರೆಯಲ್ಲಿ ಆಸ್ಪತ್ರೆಯ ಹೊರಗೆ ಬಸ್ಸು ನಿಂತಿತು. ವಾಪಸ್ ಹೊರಡಿಸು ಎಂದು ಒಬ್ಬರೂ ಕೇಳಲಿಲ್ಲ. ಹೊತ್ತು ಇಳಿಯುವ ವೇಳೆಗೆ ನರ್ಸಮ್ಮ ಹೊರಗೆ ಬಂದು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದರು. ಅಜ್ಜಿ ತನ್ನ ಹೆಸರನ್ನೇ ಇಡಬೇಕೆಂದು ಹಠ ಹಿಡಿದಳು. ಸಿದ್ಲಿಂಗಪ್ಪ ಎಲ್ಲರನ್ನೂ ತುಂಬಿಕೊಂಡು ಅವರವರ ಊರಿಗೆ ಬಿಡಲು ಹೊರಟ. ಮಾಲೀಕರಿಂದ ಚೆನ್ನಾಗಿ ಬೈಸಿಕೊಂಡನಂತೆ.

ಈಗ ಅವನಿಲ್ಲ. ನನಗೆ ಲಕ್ಕವಳ್ಳಿಗೆ ವರ್ಗವಾಗಿದ್ದಾಗ, ಅವನು ಕಡೂರಿನಲ್ಲಿ ತೀರಿಕೊಂಡ ಸುದ್ದಿ ತಡವಾಗಿ ತಿಳಿಯಿತು. ಕೊನೆಯ ಸಲ ಅವನನ್ನು ನೋಡಿದ್ದು ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ. ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಅವನನ್ನು ಅವಳು ನೋಡಿದ್ದು ಅದೇ ಮೊದಲು.

"ಅಣ್ಣಾ, ಅವತ್ತು ನಂಗೆ ಕಣ್ಣು ಬಿಡಕ್ಕೂ ಆಗ್ತಿರ್ಲಿಲ್ಲ," ಎಂದಳು ಅಕ್ಕ. "ದೂರದಲ್ಲಿ ನಿಮ್ಮ ಹಾರನ್ ಒಂದೇ ಕೇಳಿಸ್ತಿತ್ತು. ಅದು ಕೇಳಿಸ್ತಿರೋವರ್ಗೂ ನಾನು ಸತ್ತಿಲ್ಲ ಅಂದ್ಕೊಂಡು ಹಲ್ಲುಕಚ್ಚಿ ಮಲಗಿದ್ದೆ. ನೀವು ನಿಲ್ಸಲೇ ಇಲ್ಲ."

ಸಿದ್ಲಿಂಗಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮಗುವನ್ನು ಎತ್ತಿ ತನ್ನ ಸೀಟಿನಲ್ಲಿ ಕೂರಿಸಿ, "ಒತ್ತವ್ವಾ," ಎಂದ. ಮಗು ಎರಡೂ ಕೈಯಲ್ಲಿ ಬುರುಡೆ ಹಿಚುಕಿತು. ಅಕ್ಕ ಕಂಬ ಹಿಡಿದುಕೊಂಡು, ಬಸ್‌ಸ್ಟ್ಯಾಂಡಿನ ಜನರೆಲ್ಲ ನೋಡುತ್ತಿದ್ದಂತೆ, ಅಳುತ್ತ ನಗುತ್ತ ನಿಂತಳು.