ದೊಡ್ಡಮ್ಮ ನಡೆದ ಆರು ಮೈಲಿ

ಕಳೆದ ವಾರ ಹೆಂಡತಿ ಹಿಮ್ಮಡಿಯ ಬಿರುಕಿಗೆ ಹಚ್ಚಿಕೊಳ್ಳಲು ಹರಳೆಣ್ಣೆ ಬಿಸಿ ಮಾಡಿದಳು. ಆ ವಾಸನೆ ಮನೆಯೆಲ್ಲ ಹರಡುತ್ತಿದ್ದಂತೆ ನನಗೆ ಕೂರಲಾಗಲಿಲ್ಲ, ಎದ್ದು ಆಚೆ ಹೋಗಿ ನಿಂತೆ. ಹಿಂದೂಪುರದಲ್ಲಿ ಸಂಸಾರ ಹೂಡಿ ಇಷ್ಟು ವರ್ಷವಾದರೂ ದೊಡ್ಡಮ್ಮನ ವಿಷಯ ಅವಳಿಗೆ ಹೇಳಿಲ್ಲ...

ದೊಡ್ಡಮ್ಮ ಎಂದರೆ ರಕ್ತಸಂಬಂಧಿಯಲ್ಲ, ಪಕ್ಕದ ಗುಡಿಸಲಿನವಳು. ಕಲ್ಯಾಣದುರ್ಗಕ್ಕೆ ಆರು ಮೈಲಿ ಈಚೆ, ಕಂಬದೂರು ರಸ್ತೆಯಲ್ಲಿ, ಊರಾಚೆ ನಮ್ಮ ಕೇರಿ. ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಕಲ್ಯಾಣದುರ್ಗದ ಕಡ್ಲೆಕಾಯಿ ಮಿಲ್ಲಿನಲ್ಲಿ ಬೀಜ ಆರಿಸುತ್ತಿದ್ದಳು. ಕೇರಿಯ ಮೂವತ್ತು ಜನ ಹಾಗೆ ದಿನಾ ಬೆಳಿಗ್ಗೆ ಖಾಸಗಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಸೀಟು ಖಾಲಿಯಿದ್ದರೂ ನಾವು ಕೂರುವಂತಿರಲಿಲ್ಲ. ಹಿಂದೆ ನಿಂತೇ ಹೋಗಬೇಕು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಿ.ಎ. ಮಾಡಿ ಕೆಲಸವಿಲ್ಲದೆ ಅಲೆಯುತ್ತಿದ್ದೆ. ದಿನಾ ಅದೇ ಬಸ್ಸಿನಲ್ಲಿ ಕಲ್ಯಾಣದುರ್ಗದ ಲೈಬ್ರರಿಗೆ ಹೋಗುತ್ತಿದ್ದೆ. ಅಲ್ಲಿ ಒಂದು ತೆಲುಗು ವಾರಪತ್ರಿಕೆಯಲ್ಲಿ ಅಮೆರಿಕದ ಕಪ್ಪು ಪಾದ್ರಿಯೊಬ್ಬರ ಬಗ್ಗೆ ಓದಿದೆ. ಅಲ್ಲೂ ಬಸ್ಸಿನಲ್ಲಿ ಕಪ್ಪು ಜನ ಬಿಳಿಯರಿಗೆ ಸೀಟು ಬಿಡಬೇಕಿತ್ತಂತೆ. ಒಬ್ಬ ಹೆಂಗಸು ಏಳಲಿಲ್ಲವಂತೆ. ಆಮೇಲೆ ಆ ಪಾದ್ರಿಯ ಮಾತಿಗೆ ಊರಿನ ಕಪ್ಪು ಜನವೆಲ್ಲ ಬಸ್ಸು ಬಿಟ್ಟು ನಡೆದರಂತೆ. ಸಂಜೆ ಇದನ್ನೇ ದೊಡ್ಡಮ್ಮನಿಗೆ ಹೇಳಿದೆ.

“ಎಷ್ಟ್ ದಿನ ನಡುದ್ರು ಮಗಾ?”

“ಒಂದ್ ವರ್ಷದ ಮೇಲೆ ದೊಡ್ಡಮ್ಮ.”

“ಆಮ್ಯಾಕೆ?”

“ಗೆದ್ಬುಟ್ರು. ಎಲ್ಲಿ ಬೇಕಾದ್ರೂ ಕೂತ್ಕಂಬೋದು ಅಂತಾಯ್ತು.”

ಮಾರನೆಯ ದಿನ ದೊಡ್ಡಮ್ಮ ಬಸ್ಸು ಹತ್ತಿದವಳೇ ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಕಂಡಕ್ಟರು “ಲೇ, ವೆನಕ್ಕಿ ಪೋ!” ಎಂದು ತೋಳು ಹಿಡಿದೆಳೆದ. ಅವಳು ಹಿಂದಕ್ಕೆ ಹೋಗಲಿಲ್ಲ, ಬಸ್ಸಿನಿಂದಲೇ ಇಳಿದಳು. ಅವಳ ಹಿಂದೆ ಮೂವತ್ತು ಜನವೂ ಇಳಿದರು. ನಾನೂ ಇಳಿದೆ.

ಅವತ್ತಿನಿಂದ ನಡಿಗೆ. ನಸುಕಿಗೇ ಹೊರಟು ಆರು ಮೈಲಿ, ಸಂಜೆ ವಾಪಸ್ ಆರು ಮೈಲಿ. ತಡವಾಗಿ ಹೋದವರನ್ನು ಮಿಲ್ಲಿನವರು ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ರಾಗಿ ಡಬ್ಬಗಳು ಬರಿದಾಗತೊಡಗಿದವು. ಸಂಜೆ ದೊಡ್ಡಮ್ಮ ಹರಳೆಣ್ಣೆ ಬಿಸಿ ಮಾಡಿ ಒಬ್ಬೊಬ್ಬರ ಕಾಲಿಗೂ ತಿಕ್ಕುತ್ತಿದ್ದಳು. “ಪಾದ್ರಿ ಜನ ವರ್ಷ ನಡುದ್ರಂತೆ ಕಣ್ರಮ್ಮ, ನಮ್ದಿನ್ನೂ ತಿಂಗ್ಳೂ ಆಗಿಲ್ಲ” ಅನ್ನುತ್ತಿದ್ದಳು. ನನ್ನ ಕಾಲಿಗೂ ತಿಕ್ಕಿದ್ದಾಳೆ...

ಇಪ್ಪತ್ತನೆಯ ದಿನ ನನಗೆ ಅನಂತಪುರದಲ್ಲಿ ಇಂಟರ್‌ವ್ಯೂ ಇತ್ತು. ಬೇಗ ಎದ್ದು ನಡೆದಿದ್ದರೆ ಕಲ್ಯಾಣದುರ್ಗದಿಂದ ಬೇರೆ ಬಸ್ಸು ಸಿಗುತ್ತಿತ್ತು. ಇಸ್ತ್ರಿ ಮಾಡಿಸಿದ ಪ್ಯಾಂಟು ಧೂಳಾಗುತ್ತದೆ ಎಂದುಕೊಂಡೆ. ಬರೀ ಅಷ್ಟಕ್ಕೆ ಬಸ್ಸು ಹತ್ತಿ, ಹಿಂದೆ ಹೋಗಿ ನಿಂತೆ.

ದಾರಿಯಲ್ಲಿ ನಮ್ಮವರು ನಡೆಯುತ್ತಿದ್ದರು. ಬಸ್ಸು ಹಾರನ್ ಹೊಡೆಯಿತು. ಎಲ್ಲರೂ ಪಕ್ಕಕ್ಕೆ ಸರಿದರು. ದೊಡ್ಡಮ್ಮ ತಲೆಯೆತ್ತಿ ನೋಡಿದಳು. ನಾನು ಅವಳಿಗೆ ಕಂಡೆ. ಅವಳು ಸೆರಗನ್ನು ಮುಖಕ್ಕೆ ಮುಚ್ಚಿಕೊಂಡಳು. ಧೂಳಿಗೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ.

“ಓದಿದೋನೇ ಹತ್ತವ್ನೆ, ನಮ್ದೇನೈತೆ” ಎಂದು ಮಾರನೆಯ ದಿನ ಅರ್ಧ ಜನ ಬಸ್ಸಿಗೆ ಹೋದರು. ವಾರದೊಳಗೆ ನಡೆಯುವವಳು ದೊಡ್ಡಮ್ಮ ಒಬ್ಬಳೇ ಉಳಿದಳು. ಆ ಕೆಲಸ ನನಗೆ ಸಿಕ್ಕಿತು. ಹಿಂದೂಪುರಕ್ಕೆ ಹಾಕಿದರು, ಬಂದುಬಿಟ್ಟೆ.

ಅವಳು ಮಳೆಗಾಲ ಮುಗಿಯುವವರೆಗೂ ಒಬ್ಬಳೇ ನಡೆದಳಂತೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾಯಿತು. ಸಕ್ಕರೆ ಕಾಯಿಲೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಹಿಂದೂಪುರದ ಆಸ್ಪತ್ರೆಗೆ ತಂದಾಗ ಮಂಡಿಯವರೆಗೆ ಕಪ್ಪಾಗಿತ್ತು. ನಾನು ಹೋಗಿ ಮಂಚದ ಪಕ್ಕ ನಿಂತೆ.

“ಆ ಪಾದ್ರಿ ಈಗ ಎಲ್ಲವ್ರೆ ಮಗಾ?”

“ಗುಂಡಿಕ್ಕಿ ಕೊಂದ್ಬುಟ್ರು ದೊಡ್ಡಮ್ಮ, ಹತ್ತ್ ವರ್ಷದ ಹಿಂದೇನೆ.” ಆ ಲೇಖನದ ಕೊನೆಯಲ್ಲಿದ್ದ ಆ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ.

ಅವಳು ಸೂರು ನೋಡುತ್ತಾ ಮಲಗಿದ್ದಳು. ಆಮೇಲೆ ಕೇಳಿದಳು: “ಅವ್ರಲ್ಲಿ ನಡ್ಯೋದ್ ಬಿಟ್ಟು ಮೊದ್ಲು ಬಸ್ ಹತ್ತಿದೋನ್ನ ಏನ್ ಮಾಡುದ್ರು?”

“ಗೊತ್ತಿಲ್ಲ. ಪತ್ರಿಕೇಲಿ ಬರ್ದಿರ್ಲಿಲ್ಲ.”

“ನಂಗೂ ಗೊತ್ತಾಯ್ತಿಲ್ಲ ಕಣಪ್ಪ” ಅಂದು ಗೋಡೆಯ ಕಡೆ ತಿರುಗಿದಳು.

ಮೂರನೆಯ ದಿನ ತೀರಿಕೊಂಡಳು. ಮಣ್ಣಿಗೆ ನಾನು ಹೋಗಲಿಲ್ಲ. ಕೇರಿಯವರ ಮುಖ ನೋಡುವ ಧೈರ್ಯ ಬರಲಿಲ್ಲ.

ಆ ಬಸ್ಸಿನವರು ಯಾವತ್ತೂ ಸೋಲಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಬಸ್ಸು ಕೆಟ್ಟು ನಿಂತಿತು, ಸರ್ಕಾರಿ ಬಸ್ಸು ಬಂತು. ಈಗ ಯಾರು ಎಲ್ಲಿ ಬೇಕಾದರೂ ಕೂರುತ್ತಾರೆ. ಲೋಕದ ಯಾವ ಮೂಲೆಯಲ್ಲಿ ಜನ ಬೀದಿಗಿಳಿದರೂ ಅವರ ಕೈಯಲ್ಲಿ ಆ ಪಾದ್ರಿಯ ಚಿತ್ರ ಇರುವುದನ್ನು ಟೀವಿಯಲ್ಲಿ ನೋಡುತ್ತೇನೆ. ದೊಡ್ಡಮ್ಮನದು ಒಂದು ಫೋಟೊ ಕೂಡ ಇಲ್ಲ...

ಹೋದ ಭಾನುವಾರ ಕೇರಿಗೆ ಹೋದೆ. ಅವಳನ್ನು ಮಣ್ಣು ಮಾಡಿದ ಜಾಗ ತೋರಿಸುವವರು ಯಾರೂ ಉಳಿದಿರಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು “ಯಾರು ತಾತಾ ಅವ್ರು?” ಎಂದು ಕೇಳಿದಳು. ಜಗಲಿಯ ಮೇಲೆ ಕೂತು ಹೇಳಿದೆ. ಮುಂದಿನ ಸೀಟಿನಲ್ಲಿ ಕೂತದ್ದು, ಇಳಿದದ್ದು, ಮೂವತ್ತು ಜನ ನಡೆದದ್ದು, ಎಲ್ಲ ಹೇಳಿದೆ. ಹುಡುಗಿಯ ಕಣ್ಣುಗಳು ಹೊಳೆಯುತ್ತಿದ್ದವು. ನಾನು ಬಸ್ಸು ಹತ್ತಿದ್ದನ್ನು ಮಾತ್ರ ಹೇಳಲಾಗಲಿಲ್ಲ.