ಅತ್ತೆಯ ಕತ್ತರಿ ಬೀರು ಸೇರಿದ ದಿನ

ನಮ್ಮ ಅತ್ತೆ ಮೂವತ್ತೆರಡು ವರ್ಷದಿಂದ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವರು. ಬಾಗಿಲ ಪಕ್ಕದ ಕೋಣೆಯೇ ಅಂಗಡಿ. ಎರಡು ವರ್ಷದ ಹಿಂದೆ ಬಲಗೈ ತಾನಾಗಿ ನಡುಗತೊಡಗಿತು. ಪಾರ್ಕಿನ್ಸನ್, ವಾಸಿಯಾಗುವುದಲ್ಲ, ನಿಧಾನಕ್ಕೆ ಏರುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಅತ್ತೆ ಕೇಳಿದ್ದು ಒಂದೇ: "ಮಾತ್ರೆ ನುಂಗಿದ ಮೇಲೆ ಕೈ ಎಷ್ಟು ಹೊತ್ತು ನನ್ನ ಮಾತು ಕೇಳುತ್ತೆ?"

ಅಂದಿನಿಂದ ಹತ್ತಕ್ಕೆ ಮಾತ್ರೆ, ಹತ್ತೂಮುಕ್ಕಾಲಿಗೆ ಕತ್ತರಿ. ಕೈ ನೆಟ್ಟಗಿರುವ ಒಂದೂವರೆ ಗಂಟೆಯಲ್ಲಿ ಇಡೀ ದಿನದ ಬಟ್ಟೆ ಕತ್ತರಿಸಿಬಿಡುತ್ತಾರೆ.

ಈ ಭಾನುವಾರ ಮಾತ್ರೆ ನುಂಗಿ ಬಂದು ನೋಡಿದರೆ ಕತ್ತರಿ ಇಲ್ಲ. ಮಾವನೂ ನನ್ನವರೂ ಮಾತಾಡಿಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು.

"ಕೈ ಕೊಯ್ಕೊಂಡ್ರೆ ಏನಮ್ಮ ಗತಿ? ಹೊಲಿದಿದ್ದು ಸಾಕು, ರೆಸ್ಟ್ ತಗೋ," ಎಂದರು ನನ್ನವರು.

ಮಾವನ ಮೊಣಕಾಲು ಸವೆದು ಐದು ವರ್ಷ. ನೀರಿನ ಲೋಟವೂ ಕುರ್ಚಿಗೇ ಬರಬೇಕು. "ನಾನು ರೆಸ್ಟ್ ತಗೊಂಡಿಲ್ವಾ, ಹಾಗೇ," ಎಂದವರು, "ಒಂದು ಲೋಟ ಟೀ ಮಾಡು," ಎಂದೂ ಸೇರಿಸಿದರು.

ಅತ್ತೆ ನೇರ ಅಡುಗೆಮನೆಗೆ ಹೋದರು. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ಹಿಂದೆಯೇ ಹೋದೆ. ಅವರು ಟೀ ಮಾಡುತ್ತಿರಲಿಲ್ಲ. ತರಕಾರಿ ಚಾಕು, ಇಕ್ಕಳ, ಟೀ ಪಾತ್ರೆ, ನಾಲ್ಕು ಈರುಳ್ಳಿ, ಎಲ್ಲವನ್ನೂ ತಟ್ಟೆಗೆ ಹಾಕಿದರು. ನಡುಗುವ ಕೈಯಲ್ಲಿ ತಟ್ಟೆ ಗಲಗಲ ಎನ್ನುತ್ತಿದ್ದಂತೆಯೇ ತಂದು ಮಾವನ ಮುಂದಿಟ್ಟರು.

"ಇವನ್ನೂ ಬೀರುಗೆ ಹಾಕಿ. ಕತ್ತರಿ ಕೈ ಕೊಯ್ಯುತ್ತೆ, ಚಾಕು ಏನು ಮುದ್ದು ಮಾಡುತ್ತಾ?"

ಮಾವ ನಕ್ಕರು. "ಬಿಡೇ, ಅಡುಗೆ ಏನು ದೊಡ್ಡ ಕೆಲಸಾನಾ?"

"ಅಲ್ವಲ್ಲ, ಹಾಗಾದ್ರೆ ಕೂತಲ್ಲೇ ಮಾಡಿ. ಸವೆದಿರೋದು ನಿಮ್ಮ ಮೊಣಕಾಲು, ಕೈ ಗಟ್ಟಿಮುಟ್ಟಾಗಿದೆ. ನನ್ನ ಕೈಗೆ ದಿನಕ್ಕಿರೋದೇ ಒಂದೂವರೆ ಗಂಟೆ. ಅದನ್ನ ಈರುಳ್ಳಿಗೆ ಕೊಡಲ್ಲ."

ನನ್ನವರು ಬೆಂಬಲಕ್ಕೆಂದು ನನ್ನ ಮುಖ ನೋಡಿದರು. "ನನ್ನ ಕೈಯಲ್ಲಿ ಮಗು ಇದೆ. ಖಾಲಿ ಇರೋದು ನಿಮ್ಮ ಕೈ," ಎಂದೆ.

ಅತ್ತೆ ಆಗಲೇ ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿದ್ದರು. ಮಾತ್ರೆ ಹತ್ತಿ ಬಲಗೈಯ ನಡುಕ ನಿಧಾನವಾಗಿ ನಿಂತಿತು. ಸೀಮೆಸುಣ್ಣದ ಗೆರೆ ಅಲುಗದೆ ಓಡಿತು. ಎಡಗೈ ಚಾಚಿ, "ಬೀಗದ ಕೈ ಕೊಡೋ. ಹೊತ್ತು ಹೋಗ್ತಿರೋದು ನಂದು," ಎಂದರು.

ನನ್ನವರು ತಾವೇ ಎದ್ದು ಬೀರು ತೆಗೆದರು.

ಸ್ವಲ್ಪ ಹೊತ್ತಿಗೆ ಕುರ್ಚಿಯಿಂದ ಮಾವನ ದನಿ ಬಂತು: "ಈರುಳ್ಳಿ ಸಣ್ಣಗಾ, ದಪ್ಪಗಾ?"

"ಕಣ್ಣಲ್ಲಿ ನೀರು ಬರೋಷ್ಟು," ಎಂದು ಅತ್ತೆ ಬಟ್ಟೆಗೆ ಕತ್ತರಿ ಇಟ್ಟರು.